80ರ ಅಮ್ಮ ಹೊರಟಿದ್ದು ಯಾವ ಮನೆಗೆ? ಬೂಕರ್ ಗೆದ್ದ ‘ರೇತ್ ಸಮಾಧಿ’ ಕಾದಂಬರಿ ಬಗ್ಗೆ ಇಲ್ಲಿದೆ ಪೂರ್ತಿ ಮಾಹಿತಿ

ಹಾಸನ: 2025ರ ಮೇ 20ರಂದು ಲಂಡನ್‌ನಲ್ಲಿ ಬಾನು ಮುಷ್ತಾಕ್ ಅವರ ‘ಹಾರ್ಟ್ ಲ್ಯಾಂಪ್’ ಕಥಾ ಸಂಕಲನಕ್ಕೆ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಘೋಷಣೆ ಆದಾಗ ಹಾಸನದ ಹೆಸರು ಎಲ್ಲೆಲ್ಲೂ ಕೇಳಿಬಂತು. ಕನ್ನಡಕ್ಕೆ ಸಿಕ್ಕ ಮೊದಲ ಬೂಕರ್ ಅದು. ಆದರೆ ಭಾರತೀಯ ಭಾಷೆಯ ಪುಸ್ತಕವೊಂದು ಈ ಪ್ರಶಸ್ತಿ ಗೆದ್ದಿದ್ದು ಅದು ಎರಡನೇ ಸಲ. ಹಾಗಾದ್ರೆ ಮೊದಲು ಗೆದ್ದಿದ್ದು ಯಾವುದು?

ಅದು ಗೀತಾಂಜಲಿ ಶ್ರೀ ಅವರ ಹಿಂದಿ ಕಾದಂಬರಿ ‘ರೇತ್ ಸಮಾಧಿ’. 2022ರಲ್ಲಿ ಗೆದ್ದಿತ್ತು. ಹೆಸರು ಕೇಳಿದವರು ಬಹಳ ಜನ, ಓದಿದವರು ಕಡಿಮೆ. ದಪ್ಪ ಪುಸ್ತಕ, ಭಾಷೆ ಕಷ್ಟ ಅನ್ನೋ ಮಾತೂ ಇದೆ. ಆದರೆ ಒಳಗಿರೋ ಕಥೆ ಮಾತ್ರ ಯಾವ ಮನೆಯಲ್ಲಾದರೂ ನಡೆಯುವಂಥದ್ದು. ಗಂಡ ತೀರಿಕೊಂಡ ಮೇಲೆ ಹಾಸಿಗೆ ಹಿಡಿದ 80 ವರ್ಷದ ಅಮ್ಮ. ಅವಳನ್ನು ಹೇಗಾದರೂ ಎಬ್ಬಿಸಬೇಕು ಅಂತ ಒದ್ದಾಡುವ ಮಕ್ಕಳು. ಕೊನೆಗೆ ಅಮ್ಮ ಏಳ್ತಾಳೆ. ಎದ್ದವಳು ಮಗನ ಮನೆಯಲ್ಲೂ ನಿಲ್ಲಲ್ಲ, ಮಗಳ ಮನೆಯಲ್ಲೂ ನಿಲ್ಲಲ್ಲ. 1947ರಲ್ಲಿ ಬಿಟ್ಟು ಬಂದ ತನ್ನ ಊರಿಗೆ ಹೊರಡ್ತಾಳೆ. ಆ ಊರು ಈಗ ಪಾಕಿಸ್ತಾನದಲ್ಲಿದೆ.

ಒಂದು ನೋಟದಲ್ಲಿ

• ಕಾದಂಬರಿ: ರೇತ್ ಸಮಾಧಿ (ಹಿಂದಿ)
• ಲೇಖಕಿ: ಗೀತಾಂಜಲಿ ಶ್ರೀ. 1957ರಲ್ಲಿ ಉತ್ತರ ಪ್ರದೇಶದ ಮೈನ್‌ಪುರಿಯಲ್ಲಿ ಜನನ
• ಪ್ರಕಟಣೆ: 2018, ರಾಜಕಮಲ್ ಪ್ರಕಾಶನ
• ಇಂಗ್ಲಿಷ್ ಅನುವಾದ: ‘ಟೂಂಬ್ ಆಫ್ ಸ್ಯಾಂಡ್’. ಅನುವಾದಕಿ ಅಮೆರಿಕದ ಡೇಸಿ ರಾಕ್‌ವೆಲ್. 2021ರಲ್ಲಿ ಬ್ರಿಟನ್‌ನ ಟಿಲ್ಟೆಡ್ ಆ್ಯಕ್ಸಿಸ್ ಪ್ರೆಸ್‌ನಿಂದ, 2022ರಲ್ಲಿ ಭಾರತದಲ್ಲಿ ಪೆಂಗ್ವಿನ್‌ನಿಂದ ಪ್ರಕಟ
• ಪ್ರಶಸ್ತಿ: ಅಂತಾರಾಷ್ಟ್ರೀಯ ಬೂಕರ್, 26 ಮೇ 2022
• ಪ್ರಶಸ್ತಿ ಮೊತ್ತ: 50 ಸಾವಿರ ಪೌಂಡ್. ಲೇಖಕಿ ಮತ್ತು ಅನುವಾದಕಿಗೆ ಸಮಪಾಲು

ಹೆಸರಿನ ಅರ್ಥ ಏನು?

ಹಿಂದಿಯಲ್ಲಿ ‘ರೇತ್’ ಅಂದ್ರೆ ಮರಳು. ‘ಸಮಾಧಿ’ ಕನ್ನಡದಲ್ಲೂ ಇರುವ ಪದವೇ. ಸತ್ತವರನ್ನು ಹೂಳುವ ಜಾಗ ಅನ್ನೋದು ಒಂದು ಅರ್ಥ, ಆಳವಾದ ಧ್ಯಾನ ಅನ್ನೋದು ಇನ್ನೊಂದು. ಇಂಗ್ಲಿಷ್ ಹೆಸರಿನಲ್ಲಿ ಗೋರಿ ಅನ್ನೋ ಅರ್ಥ ಮಾತ್ರ ಉಳಿದುಕೊಂಡಿದೆ. ಕನ್ನಡದ ಓದುಗರಿಗೆ ಮಾತ್ರ ಎರಡೂ ಅರ್ಥ ತಾನಾಗಿಯೇ ಸಿಗುತ್ತೆ. ಗೋಡೆ ಕಡೆ ಮುಖ ಮಾಡಿ ಅಲುಗಾಡದೆ ಮಲಗಿರುವ ಅಮ್ಮ ಸಾಯ್ತಾ ಇದ್ದಾಳಾ, ಇಲ್ಲಾ ಒಳಗೊಳಗೇ ಏನನ್ನೋ ನೆನಪು ಮಾಡ್ಕೊಳ್ತಾ ಇದ್ದಾಳಾ? ಕಾದಂಬರಿಯ ಮೊದಲ ಪ್ರಶ್ನೆ ಇದೇ.

ಮನೆಯಲ್ಲಿ ಯಾರಿಗೂ ಹೆಸರಿಲ್ಲ!

ಪುಸ್ತಕ ತೆರೆದ ಕೂಡಲೇ ಗಮನಕ್ಕೆ ಬರುವ ವಿಷಯ ಇದು. ಮನೆಯ ಮುಖ್ಯ ಪಾತ್ರಗಳನ್ನು ಹೆಸರು ಹಿಡಿದು ಕರೆಯುವುದೇ ಅಪರೂಪ. ದೊಡ್ಡ ಮಗ ‘ಬಡೇ’. ಸರ್ಕಾರಿ ಅಧಿಕಾರಿ, ನಿವೃತ್ತಿ ಹತ್ತಿರದಲ್ಲಿದೆ. ಸೊಸೆ ಬರೀ ‘ಬಹೂ’. ಕಾಲಿಗೆ ರೀಬಾಕ್ ಶೂ ಹಾಕ್ಕೊಂಡು ಓಡಾಡುವ ಆಧುನಿಕ ಸೊಸೆ. ಮಗಳು ‘ಬೇಟಿ’. ಮದುವೆ ಬೇಡ ಅಂತ ಬೇರೆ ಮನೆ ಮಾಡಿಕೊಂಡು, ತನ್ನ ಇಷ್ಟದಂತೆ ಬದುಕುತ್ತಿರುವವಳು. ಇವರೆಲ್ಲರ ನಡುವೆ ‘ಮಾ’, ಅಂದ್ರೆ ಅಮ್ಮ.

ನಮ್ಮ ಕಡೆಯೂ ಹೀಗೇ ಅಲ್ವಾ? ಮದುವೆಯಾಗಿ ಬಂದ ಹೆಣ್ಣುಮಗಳು ಮೊದಲು ‘ದೊಡ್ಡಮನೆ ಸೊಸೆ’, ಆಮೇಲೆ ‘ಮೇಷ್ಟ್ರ ಹೆಂಡ್ತಿ’, ಆಮೇಲೆ ‘ಮಂಜನ ಅಮ್ಮ’, ಕೊನೆಗೆ ‘ಅಜ್ಜಿ’. ಅವಳ ಹೆಸರು ರೇಷನ್ ಕಾರ್ಡಿನಲ್ಲಿ, ಆಧಾರ್‌ನಲ್ಲಿ ಇರುತ್ತೆ ಅಷ್ಟೇ. ಪೂರ್ತಿ ಹೆಸರಿಟ್ಟು ಕರೆಯೋದು ಆಸ್ಪತ್ರೆಯಲ್ಲಿ ಚೀಟಿ ಕೂಗುವಾಗ ಮಾತ್ರ.

‘ರೇತ್ ಸಮಾಧಿ’ಯ ಅಮ್ಮನಿಗೂ ಒಂದು ಹೆಸರಿದೆ. ಆದರೆ ಆ ಹೆಸರಿನ ಹಿಂದೆ ಒಂದು ಇಡೀ ಬದುಕೇ ಇತ್ತು ಅಂತ ಮಕ್ಕಳಿಗೆ, ಓದುಗರಿಗೆ ಇಬ್ಬರಿಗೂ ಗೊತ್ತಾಗೋದು ಕಥೆ ಬಹಳ ದೂರ ಸಾಗಿದ ಮೇಲೆ.

ಇನ್ನೊಂದು ವಿಶೇಷ ಅಂದ್ರೆ ಲೇಖಕಿಯ ಹೆಸರೇ. ಅವರ ಹುಟ್ಟುಹೆಸರು ಗೀತಾಂಜಲಿ ಪಾಂಡೆ. ತಾಯಿಯ ಹೆಸರು ಶ್ರೀ. ತಂದೆ ಕಡೆಯಿಂದ ಬಂದ ಪಾಂಡೆ ಬಿಟ್ಟು, ತಾಯಿಯ ಹೆಸರನ್ನೇ ತಮ್ಮ ಹೆಸರಿನ ಕೊನೆಗೆ ಇಟ್ಟುಕೊಂಡವರು ಅವರು.

ಕಥೆ ಏನು? ಮೂರು ಭಾಗ, ಮೂರು ಮನೆ

ಕಾದಂಬರಿಯಲ್ಲಿ ಮೂರು ಭಾಗ ಇವೆ. ಸುಲಭವಾಗಿ ಹೇಳೋದಾದ್ರೆ ಒಂದೊಂದು ಭಾಗಕ್ಕೆ ಒಂದೊಂದು ಮನೆ.

ಮೊದಲ ಭಾಗ ಮಗನ ಮನೆ. ಉತ್ತರ ಭಾರತದ ಸರ್ಕಾರಿ ಅಧಿಕಾರಿಯೊಬ್ಬನ ಕ್ವಾರ್ಟರ್ಸ್. ಅಪ್ಪ ತೀರಿಕೊಂಡಿದ್ದಾರೆ. ಅಮ್ಮ ಎಲ್ಲರಿಗೂ ಬೆನ್ನು ಹಾಕಿ, ಗೋಡೆಗೆ ಮುಖ ಮಾಡಿ ಮಲಗಿದ್ದಾಳೆ. ಬಿಸಿಲಿಗೆ ಬಾ, ಟೀ ಕುಡಿ, ಒಂದು ಚೂರು ತಿನ್ನು, ಸ್ವಲ್ಪ ಓಡಾಡು ಅಂತ ಒಬ್ಬೊಬ್ಬರೇ ಬಂದು ಕರೀತಾರೆ. ಅಮ್ಮನದ್ದು ಒಂದೇ ಮಾತು, ನಾನು ಏಳಲ್ಲ. ಇಲ್ಲಿ ಲೇಖಕಿ ಹಿಂದಿಯಲ್ಲಿ ಒಂದು ಆಟ ಆಡ್ತಾರೆ. ಹಿಂದಿಯ ‘ನಹೀಂ’ (ಇಲ್ಲ) ಪದವನ್ನು ಬೇಗ ಬೇಗ ಹೇಳ್ತಾ ಹೋದರೆ ‘ನಯೀ’ (ಹೊಸಬಳು) ಅಂತ ಕೇಳಿಸುತ್ತೆ. ಏಳಲ್ಲ ಅನ್ನೋ ಹಟದ ಒಳಗೇ ಹೊಸಬಳಾಗಿ ಏಳ್ತೀನಿ ಅನ್ನೋ ಮಾತು ಹುಟ್ಟಿಕೊಳ್ಳುತ್ತೆ.

ಈ ಭಾಗದಲ್ಲಿ ಮನೆಯ ಬಾಗಿಲೂ ಒಂದು ಪಾತ್ರ. ಹಿರಿಮಗನ ಮನೆ ಅಂದ್ರೆ ನೆಂಟರು ಇಷ್ಟರು ಯಾವಾಗ ಬೇಕಾದರೂ ಬರಬಹುದಾದ ಮನೆ. ಅಣ್ಣ-ತಂಗಿ ನಡುವಿನ ಮುನಿಸು, ಅಮ್ಮನ ಸೇವೆಯೆಲ್ಲ ತನ್ನ ತಲೆಗೇ ಬಂತು ಅನ್ನೋ ಸೊಸೆಯ ಗೊಣಗಾಟ, ನಿವೃತ್ತಿ ಹತ್ತಿರ ಬಂದ ಅಧಿಕಾರಿಯ ಪೇಚಾಟ, ಎಲ್ಲವೂ ಇಲ್ಲಿ ಇದೆ. ನಗು ತರಿಸುವ ಜಾಗಗಳೂ ಬೇಕಾದಷ್ಟಿವೆ. ಚಿಟ್ಟೆಗಳ ಚಿತ್ರ ಇರುವ ಬಣ್ಣದ ಊರುಗೋಲು ಅಮ್ಮನ ಕೈಗೆ ಸಿಕ್ಕಿದ ದಿನದಿಂದ ಅವಳ ರೀತಿಯೇ ಬೇರೆ ಆಗುತ್ತೆ. ಒಂದು ದಿನ ಅಮ್ಮ ಮನೆಯಿಂದಲೇ ಕಾಣೆ!

ಎರಡನೇ ಭಾಗ ಮಗಳ ಮನೆ. ಸಿಕ್ಕಿದ ಮೇಲೆ ಅಮ್ಮ ಬರೋದು ಮಗಳ ಫ್ಲ್ಯಾಟಿಗೆ. ಮಗಳಿಗೆ ಮೊದಮೊದಲು ಹೆಮ್ಮೆ. ಅಣ್ಣನ ಮನೆಯಲ್ಲಿ ಉಸಿರುಗಟ್ಟಿದ್ದ ಅಮ್ಮನಿಗೆ ಇಲ್ಲಿ ಸ್ವಾತಂತ್ರ್ಯ ಕೊಡ್ತೀನಿ ಅನ್ನೋ ಭಾವ. ಆಗೋದು ಉಲ್ಟಾ. ಅಮ್ಮ ದಿನದಿನಕ್ಕೆ ಹಗುರಾಗ್ತಾ ಹೋಗ್ತಾಳೆ. ಮಗಳು ಮಾತ್ರ ಅಮ್ಮನ ಊಟ, ಔಷಧಿ, ಬಂದುಹೋಗುವವರು ಅಂತ ಸಿಕ್ಕಿಹಾಕಿಕೊಂಡು, ತಾನು ಯಾವುದನ್ನು ಬೇಡ ಅಂತ ಮನೆ ಬಿಟ್ಟಿದ್ದಳೋ ಅದೇ ಗೃಹಿಣಿಯಾಗಿಬಿಡ್ತಾಳೆ. ವಯಸ್ಸಾದ ತಂದೆ ತಾಯಿಯನ್ನು ನೋಡಿಕೊಳ್ಳುತ್ತಿರುವ ಹೆಣ್ಣುಮಕ್ಕಳಿಗೆ ಈ ಭಾಗ ಬಹಳ ಹತ್ತಿರ ಅನ್ನಿಸಬಹುದು. ಪ್ರೀತಿ ಇದೆ, ಆದರೆ ಸುಸ್ತೂ ಇದೆ. ಲೇಖಕಿ ಎರಡರಲ್ಲಿ ಯಾವುದನ್ನೂ ಮುಚ್ಚಿಟ್ಟಿಲ್ಲ.

ಇಲ್ಲಿ ಬರುವ ಮುಖ್ಯ ವ್ಯಕ್ತಿ ರೋಸಿ. ಹಿಜಡಾ ಸಮುದಾಯದವಳು. ಅಮ್ಮನಿಗೆ ಬಹಳ ಆಪ್ತಳು. ಟೈಲರ್ ರಜಾ ಮಾಸ್ತರ್ ಆಗಿ ಬರುವುದೂ ಇದೇ ರೋಸಿ. ಹೆಣ್ಣು-ಗಂಡು ಅನ್ನೋ ಗೆರೆ ರೋಸಿಗೆ ಲೆಕ್ಕಕ್ಕಿಲ್ಲ. ಮಗಳು ತನ್ನನ್ನು ತಾನು ದೊಡ್ಡ ಪ್ರಗತಿಪರೆ ಅಂದ್ಕೊಂಡಿದ್ರೂ ರೋಸಿಯನ್ನು ಕಂಡಾಗ ಮುಜುಗರ ಪಡ್ತಾಳೆ. ಅಮ್ಮನಿಗೆ ಅಂಥ ಮುಜುಗರವೇ ಇಲ್ಲ. ರೋಸಿಯ ಸಾವು ಕಥೆಗೆ ದೊಡ್ಡ ತಿರುವು.

ಮೂರನೇ ಭಾಗ ಗಡಿಯಾಚೆಯ ಮನೆ. (ಗಮನಿಸಿ: ಈ ಪ್ಯಾರಾದಲ್ಲಿ ಕಥೆಯ ಗುಟ್ಟು ಇದೆ.) ಅಮ್ಮ ಪಾಕಿಸ್ತಾನಕ್ಕೆ ಹೋಗಲೇಬೇಕು ಅಂತಾಳೆ. ಅಮ್ಮ-ಮಗಳು ವಾಘಾ ಗಡಿ ದಾಟಿ ಲಾಹೋರ್‌ಗೆ ಹೋಗ್ತಾರೆ. ಅಲ್ಲಿಂದ ಮುಂದೆ ವೀಸಾ ಇಲ್ಲದ ಜಾಗಕ್ಕೂ ಕಾಲಿಟ್ಟು, ಖೈಬರ್‌ನಲ್ಲಿ ಅಧಿಕಾರಿಗಳ ವಶವಾಗ್ತಾರೆ. ಆಗ ಗೊತ್ತಾಗುತ್ತೆ, ಅಮ್ಮ ಹಿಂದೊಮ್ಮೆ ಚಂದಾ ಅನ್ನೋ ಹುಡುಗಿ. ದೇಶ ಇಬ್ಭಾಗ ಆಗೋ ಮೊದಲೇ ಅವಳಿಗೆ ಮದುವೆ ಆಗಿತ್ತು. ಗಂಡನ ಹೆಸರು ಅನ್ವರ್. ಮಕ್ಕಳು ಹುಟ್ಟೋ ಮೊದಲು ಅಮ್ಮನಿಗೆ ಇನ್ನೊಂದು ಜೀವನ ಇತ್ತು ಅನ್ನೋ ಸಂಗತಿ ಮಗಳಿಗೆ ಗೊತ್ತಾಗೋದು ಪರದೇಶದಲ್ಲಿ, ಬೇರೆಯವರು ಪ್ರಶ್ನೆ ಕೇಳುವಾಗ. ಕೊನೆ ಏನಾಯ್ತು ಅನ್ನೋದನ್ನು ಪುಸ್ತಕದಲ್ಲೇ ಓದೋದು ಒಳ್ಳೇದು.

ವಿಭಜನೆ ಹಿನ್ನೆಲೆ ಗೊತ್ತಿದ್ರೆ ಓದು ಸುಲಭ

ದಕ್ಷಿಣದ ನಾವು 1947ರ ಆಗಸ್ಟ್ ಅಂದ್ರೆ ಸ್ವಾತಂತ್ರ್ಯ ಅಂತ ಮಾತ್ರ ನೆನಪಿಟ್ಟುಕೊಂಡಿದ್ದೇವೆ. ಪಂಜಾಬ್, ಬಂಗಾಳದ ಜನರಿಗೆ ಅದು ಮನೆ ಕಳೆದುಕೊಂಡ ತಿಂಗಳು. ಸಿರಿಲ್ ರಾಡ್‌ಕ್ಲಿಫ್ ಅನ್ನೋ ಬ್ರಿಟಿಷ್ ವಕೀಲ ಎಳೆದ ಗಡಿರೇಖೆ ಬಹಿರಂಗ ಆಗಿದ್ದು ಆಗಸ್ಟ್ 17ಕ್ಕೆ, ಸ್ವಾತಂತ್ರ್ಯ ಬಂದ 2 ದಿನದ ಮೇಲೆ. ಒಂದು ಕೋಟಿಗೂ ಹೆಚ್ಚು ಜನ ಊರು ಬಿಟ್ಟರು. ಲಕ್ಷಾಂತರ ಜನ ಸತ್ತರು. ಎರಡೂ ಕಡೆ ಸೇರಿ ಸುಮಾರು 75 ಸಾವಿರ ಮಹಿಳೆಯರು ಅಪಹರಣ, ಅತ್ಯಾಚಾರಕ್ಕೆ ಒಳಗಾದರು ಅನ್ನೋ ಅಂದಾಜಿದೆ.

ಇದರ ನಂತರದ ಒಂದು ಅಧ್ಯಾಯ ಈ ಕಾದಂಬರಿಗೆ ನೇರವಾಗಿ ಸಂಬಂಧಿಸಿದ್ದು. ಹೀಗೆ ಗಡಿಯ ಆಚೀಚೆ ಉಳಿದ ಹೆಣ್ಣುಮಕ್ಕಳನ್ನು ಹುಡುಕಿ ‘ಅವರವರ ಮನೆಗೆ’ ಸೇರಿಸಬೇಕು ಅಂತ 1947ರ ಕೊನೆಗೆ ಎರಡೂ ಸರ್ಕಾರಗಳು ಒಪ್ಪಿಕೊಂಡವು. 1949ರಲ್ಲಿ ಭಾರತ ಇದಕ್ಕಾಗಿಯೇ ಒಂದು ಕಾನೂನು ತಂದಿತು. 1947ರ ಮಾರ್ಚ್ 1ರ ನಂತರ ಮನೆಯವರಿಂದ ಬೇರ್ಪಟ್ಟು, ಬೇರೆಯವರ ಜತೆ ಇರುವ ಮುಸ್ಲಿಂ ಹೆಣ್ಣು ಯಾವ ವಯಸ್ಸಿನವಳೇ ಆಗಲಿ, ಆ ಕಾನೂನಿನ ಲೆಕ್ಕದಲ್ಲಿ ‘ಅಪಹೃತ ವ್ಯಕ್ತಿ’. ಅವಳು ಹೋಗಬೇಕಾ, ಇಲ್ಲೇ ಇರಬೇಕಾ ಅನ್ನೋದನ್ನು ತೀರ್ಮಾನ ಮಾಡೋ ಅಧಿಕಾರ ಅವಳಿಗೇ ಇರಲಿಲ್ಲ.

ಎಷ್ಟೋ ಹೆಣ್ಣುಮಕ್ಕಳಿಗೆ ಇದರಿಂದ ಬಿಡುಗಡೆ ಸಿಕ್ಕಿತು, ನಿಜ. ಆದರೆ ಮದುವೆಯಾಗಿ, ಮಕ್ಕಳಾಗಿ, ಹೊಸ ಮನೆಗೆ ಹೊಂದಿಕೊಂಡಿದ್ದ ಕೆಲವರನ್ನೂ ಒಲ್ಲೆ ಅಂದರೂ ಎಳೆದು ತರಲಾಯಿತು. ಬಂದ ಕೆಲವರನ್ನು ತವರಿನವರು ಒಳಗೆ ಸೇರಿಸಲಿಲ್ಲ. ಮೊದಲ ಸಲ ಮನೆ ಕಸಿದುಕೊಂಡವರು ಗಲಭೆಕೋರರು, ಎರಡನೇ ಸಲ ಕಸಿದುಕೊಂಡಿದ್ದು ಕಾನೂನು.

ಈ ಇತಿಹಾಸ ಗೊತ್ತಿದ್ರೆ 80ರ ಅಮ್ಮನ ಹಟ ಬೇರೆ ತರಹ ಕಾಣುತ್ತೆ. ಹೆಣ್ಣಿನ ಮನೆ ಯಾವುದು ಅಂತ ಅಪ್ಪ ಹೇಳಿದ್ದಾನೆ, ಗಂಡ ಹೇಳಿದ್ದಾನೆ, ಮಗ ಹೇಳಿದ್ದಾನೆ, ಸರ್ಕಾರವೂ ಹೇಳಿದೆ. ಈ ಅಮ್ಮ ಮೊದಲ ಸಲ ತಾನೇ ಹೇಳ್ತಾಳೆ.

ವಾಘಾ ಗಡಿಯ ದೃಶ್ಯದಲ್ಲಿ ಸಾದತ್ ಹಸನ್ ಮಂಟೋ, ಭೀಷ್ಮ ಸಾಹ್ನಿ, ಕೃಷ್ಣಾ ಸೋಬ್ತಿ, ಇಂತಿಜಾರ್ ಹುಸೇನ್ ಥರದ ಲೇಖಕರೆಲ್ಲ ಬರ್ತಾರೆ. ವಿಭಜನೆ ಬಗ್ಗೆ ಬರೆದ ದೊಡ್ಡ ಹೆಸರುಗಳಿವು. ಪುಸ್ತಕವನ್ನು ಲೇಖಕಿ ಅರ್ಪಿಸಿರುವುದೂ ಕೃಷ್ಣಾ ಸೋಬ್ತಿ ಅವರಿಗೆ.

ಜಿಲ್ಲೆಯ ಓದುಗರಿಗೆ ಇದು ಯಾಕೆ ಹತ್ತಿರ?

ಹಾಸನಕ್ಕೂ ವಾಘಾಗೂ ಎಲ್ಲಿಂದೆಲ್ಲಿಗೆ ಅನ್ನಿಸಬಹುದು. ಆದರೆ ಮರಳಿ ಹೋಗಲಾಗದ ಊರು ಅಂದ್ರೆ ಏನು ಅಂತ ಈ ಜಿಲ್ಲೆಗೂ ಗೊತ್ತು. ಗೊರೂರಿನ ಹೇಮಾವತಿ ಜಲಾಶಯದ ಹಿನ್ನೀರಿನಲ್ಲಿ ಊರುಗಳೇ ಮುಳುಗಿದವು. ಶೆಟ್ಟಿಹಳ್ಳಿಯ ಹಳೇ ಚರ್ಚ್ ನೋಡೋಕೆ ಮಳೆಗಾಲದಲ್ಲಿ ಜನ ಕ್ಯಾಮೆರಾ ಹಿಡಿದು ಹೋಗ್ತಾರೆ. ಅದರ ಸುತ್ತ ಒಂದು ಊರಿತ್ತು ಅನ್ನೋದು ಫೋಟೋದಲ್ಲಿ ಬರಲ್ಲ. ಅಲ್ಲಿ ಹುಟ್ಟಿದ ಅಜ್ಜಿಯರಿಗೆ ತವರು ಅಂದ್ರೆ ನೀರು. ಅದು ವಿಭಜನೆಯ ಹಿಂಸೆಗೆ ಸಮ ಅಲ್ಲ. ಆದರೆ ತಾನು ಹುಟ್ಟಿದ ಮನೆಯ ಹೊಸಲು ಒಂದ್ಸಲ ನೋಡಬೇಕು ಅನ್ನೋ ಆಸೆ ಎರಡೂ ಕಡೆ ಒಂದೇ.

ಎರಡನೇ ಕಾರಣ, ‘ಅಮ್ಮ ಯಾರ ಮನೇಲಿರಬೇಕು’ ಅನ್ನೋ ಪ್ರಶ್ನೆ. ಅಪ್ಪನ ತಿಥಿ ಮುಗಿದ ದಿನವೇ ಎಷ್ಟೋ ಮನೆಗಳಲ್ಲಿ ಈ ಮಾತು ಶುರು. ಹಿರಿಯವನ ಹತ್ರ 6 ತಿಂಗಳು, ಕಿರಿಯವನ ಹತ್ರ 6 ತಿಂಗಳು ಅಂತ ಜಮೀನಿನ ಥರ ಅಮ್ಮನನ್ನೂ ಭಾಗ ಮಾಡ್ತಾರೆ. ಅಮ್ಮ ಅಲ್ಲೇ ಅಡುಗೆಮನೆ ಬಾಗಿಲಲ್ಲಿ ನಿಂತಿರ್ತಾಳೆ. ಅವಳನ್ನು ಕೇಳೋರಿಲ್ಲ.

ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಕಾಯ್ದೆ 2007ರಲ್ಲೇ ಬಂದಿದೆ. ಮಕ್ಕಳು ನೋಡಿಕೊಳ್ಳದಿದ್ದರೆ ಉಪವಿಭಾಗಾಧಿಕಾರಿ (ಎಸಿ) ಅಧ್ಯಕ್ಷತೆಯ ನ್ಯಾಯಮಂಡಳಿಗೆ ಅರ್ಜಿ ಹಾಕಬಹುದು. ಊಟ, ಬಟ್ಟೆ, ವಾಸ, ಚಿಕಿತ್ಸೆಗೆ ಕಾನೂನಿನ ಬಲ ಇದೆ. ಅದು ಬೇಕೇ ಬೇಕು. ಆದರೆ ‘ರೇತ್ ಸಮಾಧಿ’ಯ ಅಮ್ಮನಿಗೆ ಊಟಕ್ಕೆ, ಬಟ್ಟೆಗೆ ಕೊರತೆ ಇರಲಿಲ್ಲ. ಮಗ ಒಳ್ಳೆಯವನು, ಮಗಳು ಒಳ್ಳೆಯವಳು, ಸೊಸೆ ಗೊಣಗಿದರೂ ಕೈಬಿಟ್ಟವಳಲ್ಲ. ಎಲ್ಲರೂ ಅಮ್ಮನಿಗೆ ಏನು ಬೇಕು ಅಂತ ತಾವೇ ಊಹೆ ಮಾಡಿದರು. ಎಲ್ಲಿಗೆ ಹೋಗಬೇಕು ಅನ್ನಿಸ್ತಿದೆ ಅಂತ ಯಾರೂ ಕೇಳಲಿಲ್ಲ. ಪುಸ್ತಕದಲ್ಲಿ ಕೆಟ್ಟವರೇ ಇಲ್ಲದೆ ಇಷ್ಟು ನೋವಾಗೋದು ಅದಕ್ಕೇ.

ಬೂಕರ್ ಹೇಗೆ ಬಂತು?

ಇಂಗ್ಲಿಷ್‌ಗೆ ಅನುವಾದವಾಗಿ ಬ್ರಿಟನ್ ಅಥವಾ ಐರ್ಲೆಂಡ್‌ನಲ್ಲಿ ಪ್ರಕಟವಾದ ಪುಸ್ತಕಗಳಿಗೆ ಮಾತ್ರ ಅಂತಾರಾಷ್ಟ್ರೀಯ ಬೂಕರ್ ಸಿಗೋದು. ಅದಕ್ಕೇ ಅನುವಾದಕರಿಗೂ ಅರ್ಧ ಹಣ. ‘ಹಾರ್ಟ್ ಲ್ಯಾಂಪ್’ ವಿಷಯದಲ್ಲೂ ಬಾನು ಮುಷ್ತಾಕ್ ಅವರ ಜತೆ ಅನುವಾದಕಿ ದೀಪಾ ಭಾಸ್ತಿ ಅವರಿಗೆ ಸಮಪಾಲು ಸಿಕ್ಕಿದ್ದು ಹೀಗೆ.

‘ರೇತ್ ಸಮಾಧಿ’ ಹಿಂದಿಯಲ್ಲಿ ಬಂದಾಗ ಇಷ್ಟು ಸದ್ದು ಮಾಡಿರಲಿಲ್ಲ. ಇಂಗ್ಲಿಷ್‌ಗಿಂತ ಮೊದಲೇ ಫ್ರೆಂಚ್‌ಗೆ ಆ್ಯನಿ ಮಾಂತೋ ಅನುವಾದ ಮಾಡಿದ್ದರು. ಡೇಸಿ ರಾಕ್‌ವೆಲ್ ಚಿತ್ರ ಕಲಾವಿದೆಯೂ ಹೌದು. ಭೀಷ್ಮ ಸಾಹ್ನಿ ಅವರ ‘ತಮಸ್’ ಅನ್ನೂ ಇಂಗ್ಲಿಷ್‌ಗೆ ತಂದವರು. ಪ್ರಶಸ್ತಿ ಬಂದ ಮೇಲೆ ಒಂದು ವಿವಾದವೂ ಆಯಿತು. ಕಾದಂಬರಿಯಲ್ಲಿ ಶಿವ-ಪಾರ್ವತಿ ಕುರಿತ ಉಲ್ಲೇಖಕ್ಕೆ ಆಕ್ಷೇಪ ಎತ್ತಿ ದೂರು ಸಲ್ಲಿಕೆಯಾಗಿ, 2022ರ ಜುಲೈ ಕೊನೆಗೆ ಆಗ್ರಾದಲ್ಲಿ ನಡೆಯಬೇಕಿದ್ದ ಲೇಖಕಿಯ ಸನ್ಮಾನ ಕಾರ್ಯಕ್ರಮ ರದ್ದಾಯಿತು.

ಕನ್ನಡದಲ್ಲಿ ಇಂಥ ಅಜ್ಜಿಯರು ಇದ್ದಾರಾ?

ಖಂಡಿತ ಇದ್ದಾರೆ. ಶಿವರಾಮ ಕಾರಂತರ ‘ಮೂಕಜ್ಜಿಯ ಕನಸುಗಳು’ (1968) ಕಾದಂಬರಿಯ ಮೂಕಜ್ಜಿ, ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ (1976) ಇಬ್ಬರೂ ಸಣ್ಣ ವಯಸ್ಸಿಗೇ ವಿಧವೆಯಾದವರು. ಇಬ್ಬರಿಗೂ ಮನೆಯ ಮೂಲೆಯಲ್ಲಿ ಕೂತೇ ಇಡೀ ಊರಿನ ಬಣ್ಣ ಗೊತ್ತು. ‘ಫಣಿಯಮ್ಮ’ ಓದಿದವರಿಗೆ ‘ರೇತ್ ಸಮಾಧಿ’ಯ ಅಮ್ಮ ಅಪರಿಚಿತಳು ಅನ್ನಿಸಲ್ಲ. ವ್ಯತ್ಯಾಸ ಏನಂದ್ರೆ ಫಣಿಯಮ್ಮ ಮನೆಯಲ್ಲೇ ಇದ್ದು ಮನೆಯವರ ಲೆಕ್ಕಾಚಾರ ಮೀರಿದವಳು. ಈ ಅಮ್ಮ ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟವಳು.

ಓದೋದು ಹೇಗೆ? ಕೆಲವು ಸಲಹೆ

• ಹಿಂದಿ ಆವೃತ್ತಿ ಸುಮಾರು 375 ಪುಟ. ಇಂಗ್ಲಿಷ್ 700 ಪುಟ ದಾಟುತ್ತೆ. ಗಾಬರಿ ಬೇಡ. ಅಧ್ಯಾಯಗಳು ಚಿಕ್ಕವು, ಕೆಲವಂತೂ ಒಂದೆರಡು ಸಾಲಷ್ಟೇ.
• ಮೊದಲ ಭಾಗ ನಿಧಾನ. ಅಮ್ಮ ಮಲಗಿರೋವಾಗ ಕಥೆಯೂ ಮಲಗಿರುತ್ತೆ. ಕಾಗೆ, ಬಾಗಿಲು, ಸೀರೆ ಅಂತ ಲೇಖಕಿ ಎಲ್ಲೆಲ್ಲೋ ಸುತ್ತಿಸ್ತಾರೆ. ಅಜ್ಜಿ ಕಥೆ ಹೇಳುವಾಗ ನಡುವೆ ಬೇರೆ ಕಥೆಗೆ ಹೋಗಿ ವಾಪಸ್ ಬರ್ತಾಳಲ್ಲ, ಹಾಗೆ ಅಂದ್ಕೊಂಡು ಓದಿದರೆ ಸರಿ ಹೋಗುತ್ತೆ.
• ಹಿಂದಿ ಓದೋಕೆ ಬಂದರೆ ಹಿಂದಿಯಲ್ಲೇ ಓದಿ. ಪದಗಳ ಆಟ ಪೂರ್ತಿ ಸಿಗೋದು ಅಲ್ಲೇ. ದೂರದರ್ಶನ, ಸಿನಿಮಾ ಹಿಂದಿ ಮಾತ್ರ ಗೊತ್ತಿರುವವರು ಇಂಗ್ಲಿಷ್ ಪ್ರತಿಯನ್ನು ಪಕ್ಕದಲ್ಲಿ ಇಟ್ಟುಕೊಳ್ಳಬಹುದು.
• ದಪ್ಪ ಪುಸ್ತಕ ಆಗಲ್ಲ ಅನ್ನೋರು ಗೀತಾಂಜಲಿ ಶ್ರೀ ಅವರ ಮೊದಲ ಕಾದಂಬರಿ ‘ಮಾಯಿ’ಯಿಂದ (1993) ಶುರು ಮಾಡಬಹುದು. ಅದೂ ಅಮ್ಮನ ಕಥೆಯೇ. ಮನೆಯವರ ಮುಂದೆ ಸದಾ ಬೆನ್ನು ಬಗ್ಗಿಸಿಕೊಂಡೇ ಇದ್ದ ಅಮ್ಮನನ್ನು ಅರ್ಥ ಮಾಡಿಕೊಳ್ಳೋಕೆ ಮಕ್ಕಳು ಪಡುವ ಪಾಡು ಅದರಲ್ಲಿದೆ. ‘ಮಾಯಿ’ ಓದಿ ಮುಗಿಸಿ ‘ರೇತ್ ಸಮಾಧಿ’ ಹಿಡಿದರೆ, ಅಮ್ಮ ಬೆನ್ನು ತಿರುಗಿಸಿ ಮಲಗಿದ್ದು ಯಾಕೆ ಅಂತ ಮೊದಲ ಪುಟದಲ್ಲೇ ಅರ್ಧ ಗೊತ್ತಾಗಿರುತ್ತೆ.